ಹೊಟ್ಟು ಬಿಡಿಸಿ ಕಾಳು ಉಳಿಸುವ ಹಂಪವ್ವ

ಬೆಳಗಿನ ಐದೂವರೆ. ಇಡೀ ಗಂಗಾವತಿಯಲ್ಲಿ ಈ ಹೊತ್ತಿಗೆ ಎಚ್ಚರವಿರುವವರು ಇಬ್ಬರೇ: ಹಂಪವ್ವ ಮತ್ತು ಅವರ ಬಗ್ಗೆ ಬರೆಯಲು ಬಂದಿರುವ ನಾನು. ಹೇಮಗುಡ್ಡದ ಗುಡಿಯ ದುರ್ಗಮ್ಮ ಕೂಡ ಇನ್ನೂ ಮಗ್ಗುಲು ಬದಲಿಸುತ್ತಿದ್ದಾಳೆ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್ ಹಂಪವ್ವ ಬಿಸಿನೀರಿನ ಬೋಗುಣಿಗೆ ಗಾಜಿನ ಬುರುಡೆಯೊಂದನ್ನು ಇಳಿಸುತ್ತಾರೆ. ಅದರೊಳಗಿನ ದ್ರಾವಣದಲ್ಲಿ ಎರಡೇ ಗ್ರಾಂ ಹಳದಿ ಪುಡಿ, ಚಿಟಿಕೆ ಇದ್ದಿಲು. ಬುರುಡೆಯ ಬಾಯಿಗೆ ತೆಳು ಬಟ್ಟೆ ಕಟ್ಟುತ್ತಾರೆ.

"ಇದೂ ಕೆಟ್ಟರ ಸಹನಾ ಮೇಡಂಗೆ ಮತ್ತ ಎರಡು ತಿಂಗಳ ದುಡಿತರಿ. ನನಗಂತೂ ಬುರುಡಿ ಮುಟ್ಟೋದ ಬಂದ್."

ಸಹನಾ ಯಲಬುರ್ಗಾ ಕಡೆಯ ಸಂಶೋಧನಾ ವಿದ್ಯಾರ್ಥಿನಿ. ಆ ಹಳದಿ ಪುಡಿ ಅವರೇ ತಯಾರಿಸಿದ್ದು. ಅದರ ಅಣುವಿನಲ್ಲೊಂದು ಉಂಗುರ. ಉಂಗುರಕ್ಕೆ ಎರಡು ಹೈಡ್ರೋಜನ್ ಹೆಚ್ಚಾಗಿ ಅಂಟಿಕೊಂಡಿವೆ. ಅವೆರಡನ್ನು ತೆಗೆದರೆ ಉಂಗುರ, ರಸಾಯನಶಾಸ್ತ್ರದ ಮಾತಿನಲ್ಲಿ 'ಆರೊಮ್ಯಾಟಿಕ್' ಆಗಿ, ಗಟ್ಟಿಗೊಳ್ಳುತ್ತದೆ. ಆದರೆ ಉಂಗುರದ ಮೇಲಿನ ಕವಲುಗಳು ಉದುರಬಾರದು. ಇದನ್ನು ಇಷ್ಟು ಸರಳವಾಗಿ ಹೇಳಬಲ್ಲವನು ಭೂಮಂಡಲದಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ಹಂಪವ್ವ ಮೀರಿಸಿಬಿಟ್ಟರು.

"ಭತ್ತ ಅನಕೋರಿ. ಹೊಟ್ಟು ಹೋಗಬೇಕು, ನುಚ್ಚಾಗಬಾರ್ದು. ಜೋರು ಮಾಡಿದ್ರ ಹೊಟ್ಟು, ಕಾಳು ಎರಡೂ ಹೋಗತಾವ."

ಹೇಳುವ ಹಕ್ಕು ಅವರಿಗಿದೆ. ಹನ್ನೊಂದು ವರ್ಷ ಇಲ್ಲಿನ ಅಕ್ಕಿ ಗಿರಣಿಯಲ್ಲಿ ಕೇರಿದವರು. ಧೂಳಿಗೆ ಕೆಮ್ಮು ಹತ್ತಿದ ಮೇಲೆ ಈ ಕೆಲಸಕ್ಕೆ ಬಂದು ಹದಿನೇಳು ವರ್ಷವಾಯಿತು. ನೌಕರಿ ಇನ್ನೂ ಕಾಯಂ ಆಗಿಲ್ಲ. ದಿನಕ್ಕೆ ಇನ್ನೂರ ನಲವತ್ತು ಪ್ರನಾಳ ತೊಳೆಯುತ್ತಾರೆ. ತೊಳೆದದ್ದನ್ನೆಲ್ಲ ಸಾಲಾಗಿ ಇಟ್ಟರೆ ಕುಷ್ಟಗಿ ಮುಟ್ಟಿ, ಚಹಾ ಕುಡಿದು, ವಾಪಸು ಗಂಗಾವತಿಗೆ ಬರುತ್ತವೆ. ನನ್ನ ಲೆಕ್ಕವನ್ನು ಸುಳ್ಳೆಂದವರು ಅಳೆದು ತೋರಿಸಲಿ.

ಪುಡಿ ಮೊದಲು ಆರು ಗ್ರಾಂ ಇತ್ತು. ಎರಡು ಗ್ರಾಂ ನೈಟ್ರಿಕ್ ಆಮ್ಲಕ್ಕೆ ಹೋಯಿತು. ಹೈಡ್ರೋಜನ್ ಜೊತೆ ಕವಲೂ ಕಿತ್ತುಬಂತು. ಆಗ ಸಹನಾ ಸೌಮ್ಯ ದಾರಿ ಹಿಡಿದರು: ಇದ್ದಿಲು, ಉಗುರುಬೆಚ್ಚಗಿನದಕ್ಕಿಂತ ತುಸು ಹೆಚ್ಚು ಕಾವು, ಬರೀ ಗಾಳಿ. ಹೈಡ್ರೋಜನ್ ಒಯ್ಯುವುದು ಗಾಳಿಯಲ್ಲಿನ ಆಮ್ಲಜನಕವೇ. ಆದರೆ ಪಕ್ಕದ ಗಿರಣಿಯ ಧೂಳು ಬೀಳಬಾರದೆಂದು ಹಂಪವ್ವ ಬುರುಡೆಗೆ ಗಟ್ಟಿ ಬೂಚು ಜಡಿದರು. ದಿನವಿಡೀ ಏನೂ ಆಗಲಿಲ್ಲ. ಸಾಲದೆಂದು ಕಾವು ಏರಿಸಿದರು. ಮತ್ತೆರಡು ಗ್ರಾಂ ಡಾಂಬರಾಯಿತು.

"ಅಕ್ಕಾ, ಅದಕ್ಕೂ ಉಸಿರು ಬೇಕಲ್ಲ. ನೀ ಬಾಯಿ ಬಿಗದಿ!" ಎಂದು ಸಹನಾ ಈಗಲೂ ಕಾಡುತ್ತಾರೆ.

"ನಗರಿ ಮೇಡಂ, ನಗರಿ. ಮಿಲ್ಲಿನ ಧೂಳು ತಿಂದಾಕಿ ನಾನು. ಎಲ್ಲಿ ನೋಡಿದ್ರೂ ಮುಚ್ಚೂದ ನೆನಪಾಗತೈತಿ."

ವಿಭಾಗದ ಮುಖ್ಯಸ್ಥ ದೊಡ್ಡಬಸಪ್ಪ ನಗಲಿಲ್ಲ. "ತೊಳಿಯೋದಷ್ಟ ತೊಳೀರಿ. ಬುರುಡಿ ತಂಟಿಗೆ ಬರಬ್ಯಾಡ್ರಿ" ಎಂದುಬಿಟ್ಟರು. ಕಾವನ್ನು ಹಂಪವ್ವನಷ್ಟು ಹದವಾಗಿ ಯಾರೂ ಕಾಯಲಾರರು, ಇನ್ನೊಂದು ಸಲ ಬಿಡಿ ಎಂದು ಸಹನಾ ಕೇಳಿಕೊಂಡರು. ಆ ಇನ್ನೊಂದು ಸಲವೇ ಇವತ್ತು.

ಎರಡು ತಾಸು ಹಂಪವ್ವ ಕೂರುವುದಿಲ್ಲ. ಉಷ್ಣಮಾಪಕ ಐವತ್ತು ದಾಟಿದರೆ ತಣ್ಣೀರು, ಇಳಿದರೆ ಬಿಸಿನೀರು. ಏಳೂ ನಲವತ್ತಕ್ಕೆ ಸಹನಾ ಬೆರಳಗಲದ ಬಿಳಿ ಪಟ್ಟಿಯ ಮೇಲೆ ಮೂರು ಚುಕ್ಕೆ ಇಡುತ್ತಾರೆ: ಎಡಕ್ಕೆ ಮೂಲ ಪುಡಿ, ಬಲಕ್ಕೆ ಆಮ್ಲದಲ್ಲಿ ಕೆಟ್ಟದ್ದು, ನಡುವೆ ಇವತ್ತಿನದು. ಪಟ್ಟಿಯ ತುದಿಯನ್ನು ದ್ರವದಲ್ಲಿ ನಿಲ್ಲಿಸಿದರೆ ಒಂದೊಂದು ವಸ್ತುವೂ ತನ್ನದೇ ಎತ್ತರಕ್ಕೆ ಏರುತ್ತದೆ. ಒಣಗಿದ ಪಟ್ಟಿಯನ್ನು ನೇರಳೆ ದೀಪದಡಿ ಹಿಡಿಯುತ್ತಾರೆ. ಹೈಡ್ರೋಜನ್ ಇನ್ನೂ ಅಂಟಿರುವ ಎಡಗಡೆಯದು ನೀಲಿಯಾಗಿ ಹೊಳೆಯುತ್ತದೆ. ನಡುವಿನದು ಹೊಳೆಯುವುದಿಲ್ಲ. ಒಂದೇ ಕಪ್ಪು ಚುಕ್ಕೆ, ಕವಲು ಕಳೆದುಕೊಂಡ ಬಲಗಡೆಯದಕ್ಕಿಂತ ಒಂದು ಗೋಧಿಕಾಳಿನಷ್ಟು ಮೇಲೆ.

"ಹೊಟ್ಟು ಹೋತು. ಕಾಳು ಉಳೀತಕ್ಕಾ!" ಸಹನಾ ಕೂಗಿದ್ದು ಆನೆಗೊಂದಿಗೆ ಕೇಳಿಸಿರಬೇಕು. ಹಂಪವ್ವ ನೀರು ಕಾಯಿಸುತ್ತಿದ್ದ ಒಲೆ ಆರಿಸುತ್ತಾರೆ.

ಹತ್ತಕ್ಕೆ ದೊಡ್ಡಬಸಪ್ಪ ಬರುತ್ತಾರೆ. ಪಟ್ಟಿಯನ್ನು ದೀಪದಡಿ ಎರಡು ಸಲ ತಿರುಗಿಸಿ ನೋಡುತ್ತಾರೆ. ಸಹನಾ ವಿವರಿಸಲು ಬಾಯಿ ತೆರೆಯುತ್ತಾರೆ. ಅವರು ಕೈಯೆತ್ತಿ ತಡೆದು ಹಂಪವ್ವನ ಕಡೆ ಹೊರಳುತ್ತಾರೆ.

"ಕಾವು ಎಷ್ಟರಾಗ ಇಟ್ಟಿದ್ರಿ?"

"ಐವತ್ತರಾಗರಿ ಸರ್."

ಅವರು ತಲೆಯಾಡಿಸಿ ತಮ್ಮ ಕೋಣೆಗೆ ಹೋಗುತ್ತಾರೆ. ಹಂಪವ್ವ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಕಡೆ ಬಾಗಿ, ಯಾರಿಗೂ ಕೇಳದಂತೆ ಹೇಳುತ್ತಾರೆ:

"ನನ್ನ ಕೇಳಿದ್ರು, ನೋಡಿದ್ರಿಲ್ಲೋ?"