ಗೋಲಿನ ಪಕ್ಕದಲ್ಲಿ ಗೌರಿ

ಕಳೆದ ಭಾನುವಾರ ಸಂಜೆ ನಾನು ಸೀರೆ ಉಟ್ಟಿದ್ದೆ. ನಗಬೇಡಿ. ಹಸುವನ್ನು ಏಮಾರಿಸಲು ಉಟ್ಟಿದ್ದು.

ಮೊದಲಿನಿಂದ ಹೇಳುತ್ತೇನೆ. ನಮ್ಮಣ್ಣನ ಮಗಳು ಸಾವಿತ್ರಿ ಸೂಲಿಬೆಲೆಯ ಹೆಣ್ಣುಮಕ್ಕಳ ಹ್ಯಾಂಡ್‌ಬಾಲ್ ಟೀಮಿಗೆ ಗೋಲ್‌ಕೀಪರ್. ಚೆಂಡನ್ನು ಕೈಯಲ್ಲಿ ಎಸೆದು ಗೋಲು ಹೊಡೆಯುವ ಈ ಆಟ ನಮ್ಮ ಕಡೆ ಬಂದು ಎರಡು ವರ್ಷವೂ ಆಗಿಲ್ಲ. (ಆಟದ ಬಗ್ಗೆ ನನಗೆ ತಿಳಿದದ್ದೂ ಇಷ್ಟೇ.) ಭಾನುವಾರ ನೆಲಮಂಗಲದವರ ಜೊತೆ ಕ್ವಾಲಿಫೈಯಿಂಗ್ ಮ್ಯಾಚು. ಗೆದ್ದವರು ಬೆಂಗಳೂರಿನ ಟೂರ್ನಮೆಂಟಿಗೆ, ಸೋತವರು ಮನೆಗೆ.

ಯೂರೋಪಿನಲ್ಲೂ ಹೆಂಗಸರ ಕ್ಲಬ್ಬುಗಳು ಹೀಗೇ ಆಡಿ ದೊಡ್ಡ ಕಪ್ಪಿಗೆ ಅರ್ಹತೆ ಪಡೆಯುತ್ತವಂತೆ. ಅಲ್ಲಿ ಹಾಲು ಕರೆಯುವ ಹೊತ್ತಾದರೆ ಏನು ಮಾಡುತ್ತಾರೋ?

ನಮ್ಮಲ್ಲಿ ಆದದ್ದು ಅದೇ. ಮೂರು ಗಂಟೆಯ ಮ್ಯಾಚು, ನೆಲಮಂಗಲದವರ ವ್ಯಾನು ಪಂಕ್ಚರ್ ಆಗಿ ಐದಕ್ಕೆ ಹೋಯಿತು. ಐದಕ್ಕೆ ನಮ್ಮ ಗೌರಿಯ ಹಾಲು ಕರೆಯಬೇಕು. ಗೌರಿ ಹಾಲು ಕೊಡುವುದು ಸಾವಿತ್ರಿಯ ಕೈಗೆ ಮಾತ್ರ. ಮಿಕ್ಕವರಿಗೆಲ್ಲ ಒದೆ.

"ಆರ್ ಗಂಟೆಗೆ ಡೈರಿಗೆ ಹಾಲು ಹೋಗ್ದಿದ್ರೆ, ಇವತ್ತಿಗೆ ನಿನ್ ಚೆಂಡಾಟ ಮುಗೀತು ಕಣೇ" ಎಂದು ಅತ್ತಿಗೆ ಬೆಳಿಗ್ಗೆಯೇ ಹೇಳಿದ್ದರು.

ಸಾವಿತ್ರಿಯ ಕಣ್ಣಲ್ಲಿ ನೀರು. "ಚಿಕ್ಕಪ್ಪಾ, ಇನ್ನೊಬ್ಳು ಗೋಲ್‌ಕೀಪರ್ ಇಲ್ಲ. ಏನಾದ್ರೂ ಮಾಡು."

"ನೀನ್ ಆಡು. ಗೌರಿನ ನಾನ್ ನೋಡ್ಕೋತೀನಿ" ಅಂದುಬಿಟ್ಟೆ. (ಹಾಲು ಕುಡಿದ ಅನುಭವ ನಲವತ್ತು ವರ್ಷ. ಕರೆದ ಅನುಭವ ಸೊನ್ನೆ.)

ಹಾಲು ಕರೆಯುವಾಗ ಸಾವಿತ್ರಿ ಉಡುವ ಹಳೇ ಸೀರೆಯನ್ನು ಪ್ಯಾಂಟಿನ ಮೇಲೆ ಸುತ್ತಿ, ತಲೆಗೆ ಸೆರಗು ಹೊದ್ದು, ಬಕೆಟ್ಟು ಹಿಡಿದು ಕೂತೆ. ಗೌರಿ ತಿರುಗಿ ನೋಡಿದಳು. ಮೂಸಿದಳು. ಆಮೇಲೆ ಬಕೆಟ್ಟು ಒಂದು ಕಡೆ, ನಾನು ಸಗಣಿಯ ಕಡೆ.

ಬೇರೆ ದಾರಿ ಏನಿತ್ತು? ಹಸು, ಕರು ಎರಡನ್ನೂ ಹೊಡೆದುಕೊಂಡು ಮೈದಾನಕ್ಕೇ ಹೋದೆ. ಸೀರೆ ಬಿಚ್ಚುವುದು ಮರೆತೇಹೋಗಿತ್ತು!

ಹಾಫ್ ಟೈಮ್. ಸಾವಿತ್ರಿ ಗೋಲಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ನೆಲಮಂಗಲದ ಗೋಲ್‌ಕೀಪರ್ ಹುಡುಗಿ ಓಡಿ ಬಂದಳು. "ಅಕ್ಕಾ, ಕರು ನಾನ್ ಹಿಡ್ಕೋತೀನಿ. ನೀವ್ ಬೇಗ ಕರೀರಿ!" ರೆಫರಿ ವಾಚು ನೋಡಿದರು, ಬಕೆಟ್ಟು ನೋಡಿದರು, ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಎಂಥ ಒಳ್ಳೆಯ ಜನ!

ತುಂಬಿದ ಬಕೆಟ್ಟು ಹಿಡಿದು ನಾನು ಡೈರಿಗೆ ಓಡಿದೆ. ಆರಕ್ಕೆ ಐದು ನಿಮಿಷ. ಬಾಗಿಲಲ್ಲಿ ಕಾಯುತ್ತಿದ್ದ ಅತ್ತಿಗೆ ನನ್ನ ವೇಷ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಹಾಲು ಅಳೆದಾದ ಮೇಲೆ ನನ್ನ ಹಿಂದೆಯೇ ಮೈದಾನಕ್ಕೆ ಬಂದರು.

ನಾವು ಒಂದು ಗೋಲು ಮುಂದಿದ್ದೆವು. ಕೊನೇ ನಿಮಿಷ, ಅವರಿಗೆ ಪೆನಾಲ್ಟಿ. "ಬಿಡ್ಬೇಡ ಕಣೇ ಸಾವಿತ್ರೀ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದು ಯಾರು? ಅತ್ತಿಗೆ! ಸಾವಿತ್ರಿ ಹಾರಿ ಚೆಂಡು ತಡೆದಳು. ನಾನು ಸೀರೆಯಲ್ಲೇ ಕುಣಿದೆ, ಎಡವಿ ಬಿದ್ದೆ, ಎದ್ದು ಮತ್ತೆ ಕುಣಿದೆ.

"ಮೊದಮೊದ್ಲು ಗೌರಿ ಒದೆ ತಪ್ಪಿಸ್ಕೊಂಡೋಳ್ಗೆ ಇದ್ಯಾವ ಲೆಕ್ಕ ಚಿಕ್ಕಪ್ಪಾ?" ಅಂದಳು ಸಾವಿತ್ರಿ.

ಬೆಂಗಳೂರಿನಲ್ಲಿ ಮೂರು ದಿನದ ಟೂರ್ನಮೆಂಟು. "ಇವ್ಳು ಹೋಗ್ಲಿ ಬಿಡು. ಗೌರಿನ ಯಾರ್ ಕರೀತಾರೆ?" ಎಂದು ಅತ್ತಿಗೆ ಕೇಳಿದರು. ಎಲ್ಲರೂ ನನ್ನನ್ನೇ ನೋಡಿದರು. ನೋಡಲಿ, ನ್ಯಾಯವೇ. ಹಸು ಹಟಮಾರಿ ಎಂದು ದೂರುತ್ತಿದ್ದೆವು. ಆ ಹುಡುಗಿಯನ್ನು ಬಿಟ್ಟು ಮನೆಯಲ್ಲಿ ನಾವು ಯಾರಾದರೂ ಒಂದು ದಿನ ಕೊಟ್ಟಿಗೆಗೆ ಹೋಗಿದ್ದೆವಾ?

ಸೋಮವಾರದಿಂದ ಎರಡು ಹೊತ್ತೂ ಪ್ರಾಕ್ಟೀಸ್. ಸೀರೆ ಇಲ್ಲದೆ. ಇವತ್ತು ಬೆಳಿಗ್ಗೆಯ ಸ್ಕೋರು: ಅರ್ಧ ಲೋಟ ಹಾಲು, ಎರಡು ಒದೆ. ಟೀಮು ಹೊರಡುವುದು ಶನಿವಾರ.

ಸಾವಿತ್ರಿಯೇನೋ ಕ್ವಾಲಿಫೈ ಆದಳು. ನಾನು ಆಗುತ್ತೇನಾ?