ಕಿಟಕಿಯ ಐದನೇ ಸರಳು

2025 ಏಪ್ರಿಲ್ 27, ಭಾನುವಾರ, ಬೆಳಿಗ್ಗೆ 5 ಗಂಟೆ 50 ನಿಮಿಷ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಟೆರೇಸಿನಲ್ಲಿ ನಿಂತು ಶುಕ್ರಗ್ರಹವನ್ನು ದೂರದರ್ಶಕದೊಳಗೆ ಹಿಡಿದೆ. ಆಗ ನಾನು ಕಲ್ಯಾಣದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಆಪ್ಟೊಮೆಟ್ರಿಸ್ಟ್. ದೃಷ್ಟಿ ಅಳೆಯುವುದು, ಡಾಕ್ಟರು ನೋಡುವ ಮೊದಲು ಸ್ಕ್ಯಾನ್ ತೆಗೆಯುವುದು ನನ್ನ ಕೆಲಸ. ಸೇರಿ ಎರಡು ವರ್ಷ ಏಳು ತಿಂಗಳಾಗಿತ್ತು.

ಗ್ರಹಗಳ ಫೋಟೊ ತೆಗೆಯುವುದನ್ನು ರಜೆಯ ದಿನಗಳಲ್ಲಿ ಕಲಿಯುತ್ತಿದ್ದೆ. ನನ್ನದು ಆರು ಇಂಚಿನ ಕನ್ನಡಿಯ ದೂರದರ್ಶಕ, ಮೋಟಾರಿಲ್ಲ, ಕೈಯಿಂದಲೇ ತಳ್ಳಬೇಕು. ಗ್ರಹದ ಒಂದೇ ಒಂದು ಚಿತ್ರ ತೆಗೆದರೆ ಉಪಯೋಗವಿಲ್ಲ. ಎರಡು ನಿಮಿಷದ ವಿಡಿಯೊ ತೆಗೆದು, ಗಾಳಿ ನಡುಗದೆ ಇದ್ದ ಕ್ಷಣಗಳ ಫ್ರೇಮುಗಳನ್ನಷ್ಟೇ ಆರಿಸಿ ಒಂದರ ಮೇಲೊಂದು ಪೇರಿಸಬೇಕು. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. ಡೈರಿಯಲ್ಲಿದ್ದ ಲೆಕ್ಕ: ಪ್ರಯತ್ನ 31, ವಿಡಿಯೊ 118, ಇನ್ನೊಬ್ಬರಿಗೆ ತೋರಿಸಬಹುದಾದ ಚಿತ್ರ 4.

ಶುಕ್ರ ಆ ವಾರ ಕುಡುಗೋಲಿನ ಆಕಾರದಲ್ಲಿತ್ತು. ಮೇಲೇರಿದಷ್ಟೂ ಗಾಳಿಯ ನಡುಕ ಕಡಿಮೆ. ಹಾಗಾಗಿ ಸೂರ್ಯ ಹುಟ್ಟಿದ ಮೇಲೂ ಅದನ್ನು ಬಿಡದೆ ಹಿಂಬಾಲಿಸಬೇಕಿತ್ತು. ದೂರದರ್ಶಕದಲ್ಲಿ ಸೂರ್ಯ ಸಿಕ್ಕಿದರೆ ಕಣ್ಣು ಸುಡುವ ಅಪಾಯ ಗೊತ್ತಿತ್ತು. ದೂರದರ್ಶಕವನ್ನು ನೀರಿನ ಟ್ಯಾಂಕಿನ ನೆರಳಿನಲ್ಲಿ ಇಟ್ಟಿದ್ದೆ. ಹಿಂದಿನ ಭಾನುವಾರ ಅಳೆದು ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪಕ್ಕದಲ್ಲಿ 8:40 ಎಂದು ಬರೆದಿದ್ದೆ. ಆಮೇಲೆ ಸೂರ್ಯ ಟ್ಯಾಂಕಿನ ಮೇಲೆ ಬರುತ್ತಾನೆ. ಅಷ್ಟರಲ್ಲಿ ಎಲ್ಲ ಮುಗಿದಿರಬೇಕು.

ಏಳೂವರೆಗೆ ಟ್ಯಾಂಕ್ ತೊಳೆಯಲು ಶರಣಪ್ಪ ಬಂದರು. ಕಲಬುರಗಿ ಕಡೆಯವರು, ಮನೆ ತುರ್ಭೆಯಲ್ಲಿ, ನಲವತ್ತರ ಆಸುಪಾಸು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಹತ್ತಿರ ಬಂದರು. ದೂರದರ್ಶಕದಿಂದ ಕ್ಯಾಮೆರಾ ಕಳಚಿ, ಅವರೇ ಕಣ್ಣಿಟ್ಟು ನೋಡುವಂತೆ ಶುಕ್ರಗ್ರಹವನ್ನು ತೋರಿಸಿದೆ.

“ಚಂದ್ರ ಅಲ್ಲೇನ್ರಿ ಇದು?”

“ಅಲ್ಲ, ಬೆಳ್ಳಿಚುಕ್ಕಿ.”

“ಹಗಲಾಗ ಬೆಳ್ಳಿಚುಕ್ಕಿ! ಊರಾಗ ಹೇಳಿದ್ರ ನನಗ ಹುಚ್ಚ ಹಿಡದದ ಅಂತಾರ್ರಿ ಮೇಡಂ.”

ಉತ್ಸಾಹದಿಂದ ಹುಡುಕುವ ವಿಧಾನವನ್ನೂ ಕಲಿಸಿದೆ. ದೊಡ್ಡ ಕೊಳವೆಯ ಮೇಲೆ ಫೈಂಡರ್ ಎಂಬ ಪುಟ್ಟ ದುರ್ಬೀನು ಇರುತ್ತದೆ. ಮೊದಲು ಅದರಲ್ಲಿ ಗ್ರಹವನ್ನು ನಡುವಿಗೆ ತರಬೇಕು. ಆಗ ದೊಡ್ಡದರಲ್ಲಿ ತಾನಾಗಿ ಸಿಗುತ್ತದೆ. ಅವರು ಎರಡೇ ಸಲಕ್ಕೆ ಕಲಿತರು.

8:28ಕ್ಕೆ ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯಿತು. ಕೊಳವೆಯ ಬಾಯಿಗೆ ಮುಚ್ಚಳ ಹಾಕಿ ಚಾರ್ಜರ್ ತರಲು ಕೆಳಗಿಳಿದೆ. ಫೈಂಡರಿಗೆ ಮುಚ್ಚಳ ಹಾಕಲಿಲ್ಲ. ಅಮ್ಮ ಕಾವಲಿಯಿಂದ ಎತ್ತಿದ ನೀರುದೋಸೆ ಮುಂದಿಟ್ಟರು. ಎರಡು ತಿಂದೆ.

ಮೇಲೆ ಬಂದಾಗ 8:47. ನೆರಳು ಗೆರೆಯಿಂದ ಹಿಂದೆ ಸರಿದು ದೂರದರ್ಶಕದ ಮೇಲೆ ಬಿಸಿಲು ಬಿದ್ದಿತ್ತು. ಕೊಳವೆ ನಾನು ಬಿಟ್ಟುಹೋದ ದಿಕ್ಕಿನಲ್ಲಿರಲಿಲ್ಲ. ಕೆಳಗೆ, ಪೂರ್ವಕ್ಕೆ ತಿರುಗಿತ್ತು. ಶರಣಪ್ಪ ಆಚೆ ನಿಂತು ಪೈಪು ಸುತ್ತುತ್ತ ಮಣಿಕಟ್ಟಿನಿಂದ ಬಲಗಣ್ಣು ಉಜ್ಜುತ್ತಿದ್ದರು.

“ಏನಾಯ್ತು?”

“ಏನಿಲ್ರಿ. ಧೂಳ ಬಿತ್ತು.”

ಡೈರಿಯಲ್ಲಿ ಬರೆದೆ: “8:47. ಧೂಳು.” ಬರೆಯುವಾಗಲೇ ಅದು ಧೂಳಲ್ಲದಿರಬಹುದು ಎಂದು ಗೊತ್ತಿತ್ತು. ರೆಟಿನಾಕ್ಕೆ, ಅಂದರೆ ಕಣ್ಣಿನ ಹಿಂಪರದೆಗೆ, ನೋವು ತಿಳಿಯುವುದಿಲ್ಲ. ಸುಟ್ಟರೂ ಆ ಕ್ಷಣ ಗೊತ್ತಾಗುವುದಿಲ್ಲ, ಕೆಲವು ಗಂಟೆಗಳ ನಂತರ ನಡುವೆ ಕಲೆ ಮೂಡುತ್ತದೆ. ಇದು ನನ್ನ ಪಾಠದಲ್ಲೇ ಇತ್ತು. ಆದರೆ ಸೊಸೈಟಿಯಿಂದ ಟೆರೇಸಿನ ಬೀಗದ ಕೈಯನ್ನು ಸಹಿ ಹಾಕಿ ಪಡೆದವಳು ನಾನು. ಕಣ್ಣಿನ ಕ್ಲಿನಿಕ್ಕಿನವಳೇ ಒಬ್ಬರ ಕಣ್ಣು ಕೆಡಿಸಿದಳು ಎಂದಾದರೆ? ಧೂಳೇ ಇರಲಿ ಎಂದು ಬೇಡಿಕೊಂಡು ಸಾಮಾನು ಕಟ್ಟಿ ಕೆಳಗೆ ಬಂದೆ. ಮೂರು ಗಂಟೆ ಸುಮ್ಮನಿದ್ದೆ.

11:40ಕ್ಕೆ ಅಮ್ಮ ಕೇಳಿದರು, “ಎಂತ ಆಯ್ತೇ ನಿಂಗೆ? ಆಗ್ಲಿಂದ ನಾಲ್ಕು ಸಲ ಕೈ ತೊಳ್ದೆ.” ಹೇಳಿದೆ. “ಧೂಳಾದ್ರೆ ಒಳ್ಳೇದೇ. ಅಲ್ಲಾಂತಾದ್ರೆ? ಏಣಿ ಹತ್ತುವ ಮನುಷ್ಯ ಮಾರಾಯ್ತಿ! ಹೋಗಿ ಕೇಳು.”

ಶರಣಪ್ಪ ಪಕ್ಕದ ಬಿ ವಿಂಗ್ ಕಟ್ಟಡದ ಟೆರೇಸಿನಲ್ಲಿ, ಟ್ಯಾಂಕಿನ ಕಬ್ಬಿಣದ ಏಣಿಯ ಮೇಲಿದ್ದರು. ಮೇಲಿನ ಮೆಟ್ಟಿಲು ಹಿಡಿಯಲು ಚಾಚಿದ ಕೈ ಗಾಳಿಯನ್ನು ಹಿಡಿಯಿತು. ಇನ್ನೊಂದು ಕೈ ಬಿಗಿಯಾಗಿತ್ತು, ಬೀಳಲಿಲ್ಲ. ಓಡಿ ಹೋಗಿ ಏಣಿಯ ಬುಡ ಹಿಡಿದೆ.

ಕೆಳಗಿಳಿಸಿ ಮತ್ತೆ ಕೇಳಿದೆ. ಮತ್ತೆ “ಏನಿಲ್ರಿ” ಎಂದರು. ರೆಟಿನಾದ ನಡುವೆ ಕೆಟ್ಟಿದ್ದರೆ ನೇರ ಗೆರೆ ಸೊಟ್ಟಗೆ ಕಾಣುತ್ತದೆ; ಕ್ಲಿನಿಕ್ಕಿನಲ್ಲಾದರೆ ಇದನ್ನು ಪರೀಕ್ಷಿಸಲು ಚೌಕಳಿ ಗೆರೆಗಳ ಕಾರ್ಡಿದೆ. ಇಲ್ಲಿ ಮೆಟ್ಟಿಲ ಕಿಟಕಿಯ ಗ್ರಿಲ್ ಇತ್ತು, ಒಂಬತ್ತು ನೇರ ಸರಳು. ಎಡಗಣ್ಣು ಮುಚ್ಚಿಸಿ ನಡುವಿನ ಐದನೆಯದನ್ನು ನೋಡಲು ಹೇಳಿದೆ.

“ನೆಟ್ಟಗ ಅದರಿ,” ಎಂದರು, ನೋಡುವ ಮೊದಲೇ.

ಆಗ ಅರ್ಥವಾಯಿತು: ನನ್ನಷ್ಟೇ ಅವರಿಗೂ ಹೆದರಿಕೆ. “ತಪ್ಪು ನನ್ನದು. ಸಣ್ಣ ದುರ್ಬೀನಿನ ಮುಚ್ಚಳ ಹಾಕದೆ ಹೋದವಳು ನಾನು,” ಎಂದೆ.

ಶರಣಪ್ಪ ಈ ಸಲ ನಿಜವಾಗಿ ಗ್ರಿಲ್ ನೋಡಿದರು. “ಪೈಪ್ ಬಡದು ನಿಮ್ಮ ಮಿಷಿನ್ ತಿರುಗಿತ್ರಿ. ಕೆಟ್ಟಿತೇನೋ ಅಂತ ಜೀವ ಹೋಗಿತ್ತು. ನೀವು ಬರೋದ್ರಾಗ ಚುಕ್ಕಿಗೆ ಹಚ್ಚಿಡಬೇಕಂತ ನೋಡ್ದೆ. ಸಣ್ಣದರಾಗ ಹಿಡದ್ರ ದೊಡ್ಡದರಾಗ ಸಿಗ್ತದ ಅಂತ ನೀವೇ ಹೇಳಿದ್ರೆಲ್ಲ? ಕಣ್ಣಿಟ್ಟ ಕೂಡ್ಲೆ ಬಿಸಿಲು ಭಗ್ಗ ಅಂತ್ರಿ.” ಆಮೇಲೆ ಹೇಳಿದರು, “ಸರಳು ಸೊಟ್ಟ ಕಾಣ್ಲಕತ್ತದ. ನಡುವ ಒಂದೀಟು ಇಲ್ಲೇ ಇಲ್ರಿ.”

ನಮ್ಮ ಡಾಕ್ಟರು ಭಾನುವಾರವೇ ಕ್ಲಿನಿಕ್ ತೆರೆದರು. ಬಲಗಣ್ಣು 6/24, ಸರಿಯಿರುವ ಕಣ್ಣು ಇಪ್ಪತ್ನಾಲ್ಕು ಮೀಟರಿನಿಂದ ಓದುವ ಅಕ್ಷರಕ್ಕೆ ಅವರು ಆರು ಮೀಟರಿಗೆ ಬರಬೇಕು. ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ತೆಗೆದವಳು ನಾನೇ. ಸರಿಯಾಗಿ ನಡುವೆ ಸಣ್ಣದೊಂದು ಖಾಲಿ ಜಾಗ. “ಇದಕ್ಕೆ ಔಷಧ ಇಲ್ಲ. ಕಾಯಬೇಕು. ಏಣಿ ಹತ್ತಿಸಬೇಡ,” ಎಂದರು ಡಾಕ್ಟರು.

ಸೊಸೈಟಿಗೆ ನಡೆದದ್ದನ್ನು ಬರೆದುಕೊಟ್ಟು ಬೀಗದ ಕೈ ಹಿಂದಿರುಗಿಸಿದೆ. ಶರಣಪ್ಪ ಕೆಳಗೆ ಪಂಪಿನ ಬಳಿ ದುಡಿದರು. ತಪಾಸಣೆಗೆ ತುರ್ಭೆಯಿಂದ ಲೋಕಲ್ ರೈಲಿನಲ್ಲಿ ಥಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ಕಲ್ಯಾಣಕ್ಕೆ ಬರುತ್ತಿದ್ದರು. ಪ್ರತಿ ಭೇಟಿಯ ಹಿಂದಿನ ರಾತ್ರಿ ನನಗೆ ನಿದ್ರೆ ಬರುತ್ತಿರಲಿಲ್ಲ. ಮೇ 4: 6/24. ಮೇ 25: 6/18. ಜುಲೈ 13: 6/12. ಅಕ್ಟೋಬರ್ 12: 6/9. ಅಲ್ಲಿಂದ ಮುಂದೆ ಸರಿಯಲಿಲ್ಲ.

ಹನ್ನೊಂದನೇ ಭೇಟಿ 2026ರ ಫೆಬ್ರುವರಿಯಲ್ಲಿ. “ಆ ದಿನದ್ದು ಫೋಟೊ ಎಲ್ಲಿ ಅದರಿ ಮೇಡಂ?” ಎಂದರು ಶರಣಪ್ಪ. ಆ ವಿಡಿಯೊವನ್ನು ನಾನು ಹತ್ತು ತಿಂಗಳು ತೆರೆದಿರಲಿಲ್ಲ. ಅಲ್ಲೇ ಕೂತು ಸ್ಟ್ಯಾಕ್ ಮಾಡಿದೆ. ನಾನು ತೆಗೆದವುಗಳಲ್ಲೆಲ್ಲ ಸ್ಪಷ್ಟವಾದ ಚಿತ್ರ ಅದು. ಅವರು ಎಡಗಣ್ಣು ಮುಚ್ಚಿ ನೋಡಿದರು. “ಕುಡುಗೋಲು ನಡುವ ಮುರದದ.” ಕೈ ತೆಗೆದು ನಕ್ಕರು. “ಈಗ ಕೂಡಿತ್ರಿ.”

ಕೆಲಸ ನನಗೆ ಕಲಿಸಿದ್ದು: ಹೆದರಿದವರನ್ನು ಹೆದರಿದವರು ಪ್ರಶ್ನಿಸಿದರೆ “ಏನಿಲ್ಲ” ಎಂಬ ಉತ್ತರವೇ ಬರುತ್ತದೆ. ಈಗ ಪರೀಕ್ಷೆ ಶುರುಮಾಡುವ ಮೊದಲು, ನಿಜ ಹೇಳಿದರೆ ಯಾರೂ ಬೈಯುವುದಿಲ್ಲ ಎಂದು ಹೇಳಿಯೇ ಶುರುಮಾಡುತ್ತೇನೆ. ಫೈಂಡರನ್ನು ಕಳಚಿ ಕಪಾಟಿನಲ್ಲಿಟ್ಟಿದ್ದೇನೆ.

ಓದುವವರಲ್ಲಿ ಕಣ್ಣಿನ ವೈದ್ಯರಿರಬಹುದು, ಹೀಗೆ ಬಿಸಿಲು ತಾಗಿದವರೂ ಇರಬಹುದು. ಹತ್ತು ತಿಂಗಳು ಕಳೆದ ಮೇಲೂ ಇಂಥ ಕಲೆ ಮುಚ್ಚಿದ್ದನ್ನು ಕಂಡಿದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಎಷ್ಟನೇ ತಿಂಗಳಿಗೆ ಮುಚ್ಚಿತು ಎಂಬುದನ್ನೂ ಬರೆಯಿರಿ. ಮುಂದಿನ ಭೇಟಿಯಲ್ಲಿ ಶರಣಪ್ಪ ಕೇಳುತ್ತಾರೆ.