ಎಡಗೈ ಎತ್ತಿದಾಗ

"ತಬಲಾ, ಗಿಟಾರು ಎಲ್ಲಾ ಆ ಕೀಬೋರ್ಡೇ ನುಡಿಸ್ತಿದೆ ಕಣ್ರೀ. ಇವರು ಬಟನ್ ಒತ್ತಿ ಕೂತಿದ್ದಾರೆ ಅಷ್ಟೇ. ಒಂದು ಪೆನ್‌ಡ್ರೈವ್ ಹಾಕಿದ್ರೆ ಸಾಕಿತ್ತು!"

ಪೀಣ್ಯದ ಕಾರ್ಖಾನೆಯೊಂದರ ಆಯುಧಪೂಜೆಯಲ್ಲಿ ನಾನು ಒಬ್ಬನೇ ಕೀಬೋರ್ಡ್ ನುಡಿಸುತ್ತ ಹಾಡುತ್ತಿದ್ದೆ. ಎರಡನೇ ಹಾಡು ಮುಗಿಯುತ್ತಲೇ ಮುಂದಿನ ಸಾಲಿನಲ್ಲಿದ್ದ ಮಾಲೀಕರ ಭಾವಮೈದ ಎಲ್ಲರಿಗೂ ಕೇಳುವಂತೆ ಹೀಗೆಂದರು. ಕೆಲವರು ನಕ್ಕರು. ಇಪ್ಪತ್ತು ವರ್ಷಗಳಿಂದ ಕೇಳುತ್ತಿರುವ ಮಾತೇ ಆದರೂ ನನಗೆ ರೇಗಿತು.

ನಾನು ಬಾಯಿ ತೆರೆಯುವಷ್ಟರಲ್ಲಿ, ಹೂವಿನ ಹಾರ ಹಾಕಿದ್ದ, ಕಂಪ್ಯೂಟರ್ ಲೆಕ್ಕದಲ್ಲಿ ಲೋಹ ಕೊರೆಯುವ ಸಿಎನ್‌ಸಿ ಮಷಿನ್ ಪಕ್ಕದಲ್ಲಿ ಕುಳಿತಿದ್ದ ಮಹಿಳೆಯೊಬ್ಬರು ಎದ್ದು ನಿಂತರು. ಆ ಮಷಿನ್ ನಡೆಸುವವರು ಅವರೇ. "ನನ್ನ ಮಷಿನ್ನೂ ಬಟನ್ ಒತ್ತಿದ್ರೇನೇ ಓಡೋದು ಸಾರ್. ರಜೆ ಮುಗಿದ ಮೇಲೆ ಬನ್ನಿ, ಬಟನ್ ಒತ್ತಿ ಒಂದೇ ಒಂದು ಒಳ್ಳೇ ಪೀಸ್ ತೆಗೀರಿ ನೋಡೋಣ!"

ಇಡೀ ಶೆಡ್ಡು ಗೊಳ್ಳೆಂದು ನಕ್ಕಿತು. ಮೊದಲು ನಕ್ಕಿದ್ದವರದೇ ಈಗ ದೊಡ್ಡ ದನಿ. ಭಾವಮೈದನವರೂ ತಲೆ ಕೆರೆದುಕೊಂಡು ನಕ್ಕರು. ನನಗೆ ಧೈರ್ಯ ಬಂತು. ಮೂರನೇ ಹಾಡಿನ ನಡುವೆ, ತಬಲಾ, ಗಿಟಾರನ್ನೆಲ್ಲ ನಡೆಸುವ ಸ್ವರಗಳನ್ನು ಒತ್ತಿ ಹಿಡಿದಿದ್ದ ಎಡಗೈಯನ್ನು ಬೇಕೆಂದೇ ಮೇಲೆತ್ತಿದೆ. ಎಲ್ಲವೂ ಒಮ್ಮೆಲೇ ನಿಂತವು. ಫ್ಯಾನುಗಳ ಸದ್ದಷ್ಟೇ ಉಳಿಯಿತು. ಕೈ ಮತ್ತೆ ಇಟ್ಟೊಡನೆ ಇಡೀ ಮೇಳ ಹಿಂದಿರುಗಿತು. ಮೊದಲ ಚಪ್ಪಾಳೆ ಬಂದದ್ದು ಆ ಮಷಿನ್ ಪಕ್ಕದಿಂದ.

ಈಗ ಯಾರು ಆ ಮಾತು ಆಡಿದರೂ ನಾನು ವಾದಕ್ಕೆ ಇಳಿಯುವುದಿಲ್ಲ. ಹಾಡಿನ ನಡುವೆ ಎಡಗೈ ಎತ್ತಿ, ಸುಮ್ಮನೆ ಅವರ ಮುಖ ನೋಡುತ್ತೇನೆ.